ಪ್ಲಗಿನ್‌ನ ಮೌನವ್ರತ

ಕಂಪನಿಯ ಸಾಫ್ಟ್‌ವೇರ್‌ಗಳನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡಿ ತೋರಿಸುವ ಬ್ಯಾಕ್‌ಸ್ಟೇಜ್‌ಗೆ, ಎಪಿಐಗಳನ್ನು (ಸಾಫ್ಟ್‌ವೇರ್‌ಗಳು ಪರಸ್ಪರ ಮಾತಾಡುವ ಬಾಗಿಲುಗಳನ್ನು) ನಿರ್ವಹಿಸುವ ತ್ರೀಸ್ಕೇಲ್‌ನಿಂದ ಅವುಗಳ ಪಟ್ಟಿ ತರುವ ಪ್ಲಗಿನ್ ಹಾಕುವುದು ಎರಡು ಸಾಲಿನ ಕೆಲಸ. ಹಾಕಿದ ಮೇಲೆ ಪೋರ್ಟಲ್‌ನಲ್ಲಿ ಒಂದಾದರೂ ಎಪಿಐ ಯಾಕೆ ಕಾಣುತ್ತಿಲ್ಲ ಅಂತ ಹುಡುಕೋದಕ್ಕೆ ಮಾತ್ರ ಒಂದು ಸ್ಪ್ರಿಂಟ್ (ತಂಡದ ಕೆಲವು ವಾರಗಳ ಕೆಲಸದ ಸುತ್ತು) ಬೇಕು. ಸ್ಪಾಟಿಫೈ 2020ರಲ್ಲಿ ಓಪನ್ ಸೋರ್ಸ್ ಮಾಡಿದ ಈ ಡೆವಲಪರ್ ಪೋರ್ಟಲ್ ಬಹಳ ಮರ್ಯಾದಸ್ಥ. ನೀವು ತಪ್ಪು ಬರೆದರೆ ಬೈಯುವುದಿಲ್ಲ, ಸುಮ್ಮನಿರುತ್ತದೆ. ಕಿರುಚಿಕೊಂಡು ಬೀಳುವ ಸಾಫ್ಟ್‌ವೇರ್ ಎಷ್ಟೋ ವಾಸಿ.

ಪ್ಲಗಿನ್‌ನ ಪ್ಯಾಕೇಜ್ ಮೊದಲು ಜಾನಸ್-ಐಡಿಪಿ ಹೆಸರಿನಲ್ಲಿತ್ತು, ಈಗ ಬ್ಯಾಕ್‌ಸ್ಟೇಜ್-ಕಮ್ಯುನಿಟಿ ಹೆಸರಿಗೆ ಬಂದಿದೆ. ಹುಡುಕಿದಾಗ ಕೈಗೆ ಸಿಗುವುದು ಮಾತ್ರ ಹಳೆಯ ಸೂಚನೆ. ಅದು ಕ್ಯಾಟಲಾಗ್ ಡಾಟ್ ಟಿಎಸ್ ಫೈಲ್ ತೆರೆಯಿರಿ ಎನ್ನುತ್ತದೆ. ಹೊಸ ಬ್ಯಾಕೆಂಡ್‌ನಲ್ಲಿ ಆ ಫೈಲೇ ಇಲ್ಲ. ಇಲ್ಲದ ಫೈಲನ್ನು ತಾವೇ ಸೃಷ್ಟಿಸಿ, ಕೋಡ್ ಅಂಟಿಸಿ, ಯಾರೂ ಇಂಪೋರ್ಟ್ ಮಾಡದ ಅದನ್ನು ಗಂಟೆಗಟ್ಟಲೆ ಡೀಬಗ್ ಮಾಡುವ ಸಾಹಸಿಗಳಿದ್ದಾರೆ. ಬೇಕಿರುವುದು ಇಷ್ಟೇ: ಪ್ಯಾಕೇಜ್ ಇಳಿಸುವ ಯಾರ್ನ್‌ನಿಂದ ಬ್ಯಾಕೆಂಡ್ ವರ್ಕ್‌ಸ್ಪೇಸ್‌ಗೆ ಪ್ಯಾಕೇಜ್ ಸೇರಿಸಿ, ಅಲ್ಲಿನ ಇಂಡೆಕ್ಸ್ ಡಾಟ್ ಟಿಎಸ್‌ನಲ್ಲಿ ‘ಬ್ಯಾಕೆಂಡ್ ಡಾಟ್ ಸ್ಟಾರ್ಟ್’ ಸಾಲಿಗಿಂತ ಮೇಲೆ ಒಂದು ‘ಬ್ಯಾಕೆಂಡ್ ಡಾಟ್ ಆ್ಯಡ್’ ಬರೆಯಿರಿ. ಫ್ರಂಟೆಂಡ್ ಮುಟ್ಟುವ ಅಗತ್ಯವೇ ಇಲ್ಲ.

ಆಮೇಲೆ ಯಾಮಲ್, ಅಂದರೆ ಸಾಲಿನ ಮೊದಲಿನ ಸ್ಪೇಸ್ ನೋಡಿ ಯಾವುದು ಯಾವುದರೊಳಗೆ ಎಂದು ತಿಳಿಯುವ ಸೆಟ್ಟಿಂಗ್ ಭಾಷೆ. ಆ್ಯಪ್-ಕಾನ್ಫಿಗ್ ಫೈಲ್‌ನಲ್ಲಿ ‘ಕ್ಯಾಟಲಾಗ್’, ಅದರೊಳಗೆ ‘ಪ್ರೊವೈಡರ್ಸ್’, ಅದರೊಳಗೆ ‘ತ್ರೀಸ್ಕೇಲ್‌ಎಪಿಐಎಂಟಿಟಿ’, ಅದರೊಳಗೆ ‘ಡೆವ್’ ಎಂದೋ ಇನ್ನೊಂದೋ ಹೆಸರು, ಅದರೊಳಗೆ ಬೇಸ್ ಯುಆರ್‌ಎಲ್, ಆ್ಯಕ್ಸೆಸ್ ಟೋಕನ್, ಶೆಡ್ಯೂಲ್. ‘ಪ್ರೊವೈಡರ್ಸ್’ ಎರಡು ಸ್ಪೇಸ್ ಎಡಕ್ಕೆ ಸರಿದು ‘ಕ್ಯಾಟಲಾಗ್’ನ ಹೊರಗೆ ಬಿತ್ತೋ, ಪಂಕ್ತಿ ಬಿಟ್ಟು ಆಚೆ ಕೂತವನ ಎಲೆಯನ್ನು ಬಡಿಸುವವರು ನೋಡದೇ ಹೋದ ಹಾಗಾಗುತ್ತದೆ. ಎರರ್ ಇಲ್ಲ, ಊಟವೂ ಇಲ್ಲ. ಬ್ಯಾಕ್‌ಸ್ಟೇಜ್‌ನ ಸಿಎಲ್‌ಐಗೆ (ಕಮಾಂಡ್ ಟೈಪ್ ಮಾಡಿ ನಡೆಸುವ ಸಾಧನಕ್ಕೆ) ‘ಕಾನ್ಫಿಗ್ ಪ್ರಿಂಟ್’ ಕಮಾಂಡ್ ಇದೆ. ನೀವು ಬರೆದದ್ದು ಅದಕ್ಕೆ ಹೇಗೆ ಅರ್ಥವಾಯಿತು ಅಂತ ಅಲ್ಲಿ ಕಾಣುತ್ತದೆ. ಇನ್ನೊಂದು ಹೊಂಡ: ಪ್ರೊಡಕ್ಷನ್ (ನಿಜ ಬಳಕೆಯ) ಫೈಲನ್ನು ‘ಕಾನ್ಫಿಗ್’ ಫ್ಲ್ಯಾಗ್‌ನಿಂದ ಕೊಟ್ಟರೆ ಮೂಲ ಫೈಲ್ ತಾನಾಗಿ ಲೋಡ್ ಆಗುವುದಿಲ್ಲ. ಎರಡನ್ನೂ ಹೆಸರು ಹಿಡಿದು ಕರೆಯಬೇಕು, ಮೂಲದ್ದು ಮೊದಲು.

ಪ್ಲಗಿನ್ ಎಷ್ಟು ಹೊತ್ತಿಗೊಮ್ಮೆ ಪಟ್ಟಿ ತರಬೇಕೆಂದು ಹೇಳುವ ಶೆಡ್ಯೂಲ್‌ನಲ್ಲಿ ‘ಪಿಟಿ30ಎಂ’ ಅಂತ ಬರೆದರೆ ಅರ್ಧ ಗಂಟೆಗೊಮ್ಮೆ. ನಡುವಿನ ‘ಟಿ’ ಬಿಟ್ಟುಹೋದರೆ ಐಎಸ್‌ಒ 8601 ಎಂಬ ದಿನಾಂಕ-ಸಮಯದ ಮಾನದಂಡದ ಪ್ರಕಾರ ಅದು 30 ತಿಂಗಳು. ಪ್ಲಗಿನ್ ಎರಡೂವರೆ ವರ್ಷ ಬಿಟ್ಟು ಬರುತ್ತೇನೆ ಎಂದರೆ ತಪ್ಪು ಅದರದ್ದಲ್ಲ.

ಇನ್ನು ಟೋಕನ್, ಅಂದರೆ ಒಳಗೆ ಬಿಡುವ ಗುಪ್ತ ಕೀಲಿ. ತ್ರೀಸ್ಕೇಲ್ ಅದನ್ನು ಹುಟ್ಟಿಸಿದಾಗ ಒಂದೇ ಸಲ ತೋರಿಸುತ್ತದೆ. ಟ್ಯಾಬ್ ಮುಚ್ಚಿದರೆ ಹೊಸದು ಮಾಡಿಕೊಳ್ಳಿ. ಸ್ಕೋಪ್ ‘ಅಕೌಂಟ್ ಮ್ಯಾನೇಜ್‌ಮೆಂಟ್ ಎಪಿಐ’, ಅನುಮತಿ ‘ರೀಡ್ ಓನ್ಲಿ’ ಸಾಕು. ಬೇಸ್ ಯುಆರ್‌ಎಲ್‌ನಲ್ಲಿ ಟೆನೆಂಟ್ ಹೆಸರಿನ (ತ್ರೀಸ್ಕೇಲ್‌ನಲ್ಲಿ ನಿಮ್ಮ ಖಾತೆಯ ಹೆಸರಿನ) ಕೊನೆಗೆ ಅಂಟಿಕೊಂಡು ‘-ಅಡ್ಮಿನ್’ ಇರಲೇಬೇಕು. ಅದಿಲ್ಲದ ವಿಳಾಸ ಗ್ರಾಹಕರು ನೋಡುವ ಪೋರ್ಟಲ್‌ನದು, ಅಲ್ಲಿ ಈ ಎಪಿಐ ಸಿಗುವುದಿಲ್ಲ. ಮೊದಲು ಕರ್ಲ್ ಎಂಬ ಕಮಾಂಡ್‌ನಿಂದ ‘ಅಡ್ಮಿನ್/ಎಪಿಐ/ಸರ್ವೀಸಸ್ ಡಾಟ್ ಜೇಸನ್’ ಕೇಳಿ ನೋಡಿ. 403 (ಅನುಮತಿ ಇಲ್ಲ) ಬಂದರೆ ಟೋಕನ್ ಸ್ಕೋಪ್ ನೋಡಿ. ಪಟ್ಟಿ ಬಂದರೆ ತ್ರೀಸ್ಕೇಲ್ ನಿರಪರಾಧಿ.

ಆದರೆ ಆಫೀಸಿನ ನೆಟ್‌ವರ್ಕ್‌ನಲ್ಲಿ ಪ್ರಾಕ್ಸಿ (ಹೊರಗಿನ ಸಂಪರ್ಕಗಳು ಹಾದುಹೋಗುವ ನಡುವಿನ ಸರ್ವರ್) ಇದ್ದರೆ ಈ ತೀರ್ಪನ್ನೂ ಪೂರ್ತಿ ನಂಬಬೇಡಿ. ಎಚ್‌ಟಿಟಿಪಿಎಸ್ ಪ್ರಾಕ್ಸಿ ವೇರಿಯಬಲ್‌ಗೆ ಕರ್ಲ್ ಬೆಲೆ ಕೊಡುತ್ತದೆ. ಬ್ಯಾಕ್‌ಸ್ಟೇಜನ್ನು ಓಡಿಸುವ ನೋಡ್‌ನ ಫೆಚ್ ತಾನಾಗಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಹೀಗಾಗಿ ಒಂದೇ ಮಷೀನ್, ಒಂದೇ ವಿಳಾಸ, ಕರ್ಲ್‌ಗೆ ಪಟ್ಟಿ, ಪ್ಲಗಿನ್‌ಗೆ ಟೈಮ್‌ಔಟ್. ಇದನ್ನು ನೆಟ್‌ವರ್ಕ್ ತಂಡಕ್ಕೆ ವಿವರಿಸಿದರೆ ‘ನಮ್ಮ ಕಡೆಯಿಂದ ಸರಿ ಇದೆ’ ಅನ್ನುತ್ತಾರೆ. ವಿಚಿತ್ರವೆಂದರೆ ಅವರು ಹೇಳುವುದು ನಿಜ. ಕಂಪನಿಯದೇ ಸರ್ಟಿಫಿಕೇಟ್ ನಡುವೆ ಕೂತಿದ್ದರೆ ‘ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್’ ವೇರಿಯಬಲ್‌ಗೆ ಅದರ ಪೆಮ್ ಫೈಲ್‌ನ ದಾರಿ ತೋರಿಸಿ. ಸರ್ಟಿಫಿಕೇಟ್ ನಂಬಬಹುದೇ ಎಂದು ನೋಡುವ ಟಿಎಲ್‌ಎಸ್ ಪರೀಕ್ಷೆಯನ್ನೇ ಸೊನ್ನೆ ಹಾಕಿ ಆಫ್ ಮಾಡುವ ‘ತಾತ್ಕಾಲಿಕ’ ಉಪಾಯ ಪ್ರೊಡಕ್ಷನ್‌ನಲ್ಲೇ ನಿವೃತ್ತಿವರೆಗೆ ಸರ್ವೀಸ್ ಮಾಡುತ್ತದೆ.

ಇಷ್ಟು ದಾಟಿದರೆ ಎಪಿಐಗಳು ಬರುತ್ತವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಗ ಯಾರಿಗೋ ಡೆವ್ (ಪರೀಕ್ಷೆಯ) ಜೊತೆ ಪ್ರಾಡ್ (ಪ್ರೊಡಕ್ಷನ್) ತ್ರೀಸ್ಕೇಲನ್ನೂ ಅದೇ ಪೋರ್ಟಲ್‌ಗೆ ಸೇರಿಸುವ ಉಮೇದು. ಎರಡರಲ್ಲೂ ‘ಪೇಮೆಂಟ್ಸ್’ ಎಂಬ ಸಿಸ್ಟಮ್ ನೇಮ್ ಇದೆ ಅನ್ನಿ. ಬ್ಯಾಕ್‌ಸ್ಟೇಜ್‌ನ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ ಒಂದು ನೇಮ್‌ಸ್ಪೇಸ್‌ನೊಳಗೆ (ಹೆಸರುಗಳ ಒಂದು ಗುಂಪಿನೊಳಗೆ) ಆ ಹೆಸರಿನ ಎಪಿಐ ಒಂದೇ ಇರಬಹುದು. ಮೊದಲು ಬಂದು ಸೀಟು ಹಿಡಿದದ್ದು ಡೆವ್; ಪ್ರಾಡ್‌ನ ಪೇಮೆಂಟ್ಸ್ ಬಾಗಿಲಲ್ಲೇ ವಾಪಸ್. ಪರದೆಯ ಮೇಲೆ ಏನೂ ಕಾಣದು. ಲಾಗ್‌ನಲ್ಲಿ ಮಾತ್ರ ‘ಕಾನ್‌ಫ್ಲಿಕ್ಟಿಂಗ್ ಎಂಟಿಟಿ’ ಎಂಬ ಒಂದು ವಾರ್ನಿಂಗ್, ಅದೂ ಸಾವಿರ ಸಾಲುಗಳ ನಡುವೆ. ಪ್ರಾಡ್ ಅಂದುಕೊಂಡು ಯಾರೋ ಟೆಸ್ಟ್ ಸರ್ವರ್‌ಗೆ ಕೋಡ್ ಜೋಡಿಸಿ, ರಿಲೀಸ್ ಮಾಡಿ, ಶುಕ್ರವಾರ ಸಂಜೆ ಫೋನ್ ಬಂದಾಗಲೇ ವಿಷಯ ಬಯಲಿಗೆ ಬರುವುದು. ಪ್ರಾಡ್ ಬೇಕಿದ್ದರೆ ಡೆವ್ ಬ್ಲಾಕ್ ತೆಗೆದುಬಿಡಿ, ಅಥವಾ ಡೆವ್‌ಗೆ ಬೇರೆಯೇ ಪೋರ್ಟಲ್ ಎಬ್ಬಿಸಿ.