ಫ್ಯಾನ್ ಬದಲಿಸುವ ಮೊದಲು ಅದರ ಕಪ್ ಬಿಚ್ಚಿ ನೋಡಿ

ಬೇಸಿಗೆ ಬಂತೆಂದರೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಒಂದೇ ಮಾತು: "ಹಳೇದೆಲ್ಲ ತೆಗೆದು ಬಿಎಲ್‌ಡಿಸಿ ಹಾಕಿಸಿ ಸಾರ್, ಕರೆಂಟೇ ತಿನ್ನಲ್ಲ." ಬಿಎಲ್‌ಡಿಸಿ ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ, ಆಯಸ್ಕಾಂತ ಮತ್ತು ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಹೊಸ ಬಗೆಯ ಫ್ಯಾನ್. ಅಂಗಡಿಯವರ ಮಾತು ಅರ್ಧ ನಿಜ. ಮೋಟಾರಿನ ಮಟ್ಟಿಗೆ ಹೊಸ ಫ್ಯಾನ್ ಹಳೆಯದಕ್ಕಿಂತ ನಿಜಕ್ಕೂ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಮನೆಯ ಎಲ್ಲ ಫ್ಯಾನನ್ನೂ ಒಂದೇ ದಿನ ಇಳಿಸಿ ಗುಜರಿಗೆ ಹಾಕುವುದು ದಂಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಲು ಎರಡರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರಬೇಕು.

ಹಳೆಯ ಸೀಲಿಂಗ್ ಫ್ಯಾನ್ ಇಂಡಕ್ಷನ್ ಮೋಟಾರ್. ತಾಮ್ರದ ಕಾಯಿಲ್ ಸುತ್ತಿದ ಸ್ಟೇಟರ್ ಒಳಗೆ ಅಲುಗಾಡದೆ ಕೂತಿರುತ್ತದೆ, ರೋಟರ್ ಅದರ ಸುತ್ತ ಹೊರಗೆ ತಿರುಗುತ್ತದೆ. ರೆಕ್ಕೆ ಕಟ್ಟಿರುವುದು ಆ ಹೊರಮೈಗೇ. ಅದರಲ್ಲಿ ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟ್ ಮುಟ್ಟಿಸುವ ಬ್ರಷ್ಷೂ ಇಲ್ಲ, ಆಯಸ್ಕಾಂತವೂ ಇಲ್ಲ. "ಹೊಸದರಲ್ಲಿ ಬ್ರಷ್ ಇಲ್ಲ, ಅದಕ್ಕೇ ಸವೆಯಲ್ಲ" ಅಂತ ಸೇಲ್ಸ್‌ನವರು ಹೇಳಿದರೆ ನಂಬಬೇಡಿ, ಸವೆಯುವ ಬ್ರಷ್ ಹಳೆಯದರಲ್ಲೂ ಇರಲಿಲ್ಲ. ಸವೆಯುವುದು ಬೇರಿಂಗ್, ಅದು ಎರಡರಲ್ಲೂ ಇದೆ.

ಆಯಸ್ಕಾಂತ ಇಲ್ಲದ ಕಾರಣ ಹಳೆಯ ಮೋಟಾರು ರೋಟರಿನೊಳಗೆ ತಾನೇ ಕರೆಂಟು ಹರಿಯುವಂತೆ ಮಾಡಿ ಕಾಂತಶಕ್ತಿ ಹುಟ್ಟಿಸಿಕೊಳ್ಳಬೇಕು. ಆ ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತದೆ. ನಾಲ್ಕೈದು ಗಂಟೆ ಓಡಿದ ಹಳೆಯ ಫ್ಯಾನನ್ನು ಆಫ್ ಮಾಡಿ, ನಿಂತ ಮೇಲೆ ಅದರ ನಡುವಿನ ಮೋಟಾರ್ ಭಾಗ ಮುಟ್ಟಿ ನೋಡಿ, ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ. ಕೋಣೆ ತಂಪು ಮಾಡಬೇಕಾದ ಯಂತ್ರ ಎಳೆಯುವ 75 ವ್ಯಾಟ್‌ನಲ್ಲಿ ದೊಡ್ಡ ಪಾಲು ಹೀಗೆ ಬಿಸಿಯಾಗಿಯೇ ಖರ್ಚಾಗುತ್ತದೆ. ಹೊಸದರಲ್ಲಿ ರೋಟರಿಗೆ ಫೆರೈಟ್ ಆಯಸ್ಕಾಂತವನ್ನೇ ಅಂಟಿಸಿರುತ್ತಾರೆ. ಅಷ್ಟೇ ಗಾಳಿಗೆ ಅದು ತಗೊಳ್ಳುವುದು 28ರಿಂದ 35 ವ್ಯಾಟ್.

ಇನ್ನು ರಿಪೇರಿ. ಹಳೆಯ ಫ್ಯಾನಿನ ಬಗ್ಗೆ ಹತ್ತರಲ್ಲಿ ಎಂಟು ದೂರು ಒಂದೇ: "ಮೊದಲಿನ ಹಾಗೆ ಜೋರಾಗಿ ತಿರುಗಲ್ಲ." ಮೋಟಾರ್ ಹೋಗಿದೆ ಅಂತ ಜನ ಫ್ಯಾನನ್ನೇ ಬದಲಿಸುತ್ತಾರೆ. ಹೆಚ್ಚಿನ ಸಲ ಹೋಗಿರುವುದು ಕೆಪ್ಯಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟು ಬಿಡುತ್ತ ಮೋಟಾರು ತಿರುಗಲು ನೆರವಾಗುವ ಪುಟ್ಟ ಡಬ್ಬಿ. 1200 ಮಿಲಿಮೀಟರ್ ಅಂದರೆ 48 ಇಂಚಿನ ಸಾಮಾನ್ಯ ಫ್ಯಾನಿಗೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿಯದ್ದು. ಅದರೊಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಲೋಹ ಬಳಿದಿರುತ್ತಾರೆ. ವೋಲ್ಟೇಜ್ ಏರಿದಾಗ ಹಾಳೆಯಲ್ಲಿ ಸಣ್ಣ ತೂತು ಬೀಳುತ್ತದೆ, ಸುತ್ತಲಿನ ಲೋಹ ಆವಿಯಾಗಿ ಆ ತೂತು ತಾನೇ ಬೇರ್ಪಡುತ್ತದೆ. ಹಾಗಾಗಿ ಕೆಪ್ಯಾಸಿಟರ್ ಒಮ್ಮೆಗೇ ಸಾಯುವುದಿಲ್ಲ, ಪ್ರತಿ ಸಲ ಒಂದಿಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತ ಬರುತ್ತದೆ. 2.5 ಇದ್ದದ್ದು 1.5ಕ್ಕೆ ಇಳಿಯುವ ಹೊತ್ತಿಗೆ ಫ್ಯಾನ್ ಸೋಮಾರಿಯಾಗಿರುತ್ತದೆ. ಪೂರ್ತಿ ಹೋದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ರೆಕ್ಕೆ ತಳ್ಳಿದರೆ ತಳ್ಳಿದ ದಿಕ್ಕಿಗೇ ತಿರುಗಲು ಶುರುಮಾಡಿದರೆ ಬೇರೆ ಪರೀಕ್ಷೆ ಬೇಕಿಲ್ಲ, ಕೆಪ್ಯಾಸಿಟರ್ ಅಥವಾ ಅದರ ದಾರಿಯ ವಯರ್ ಕಡಿದಿದೆ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಮನೆಯ ಮುಖ್ಯ ಬಾಕ್ಸಿನಲ್ಲಿ ಆ ಲೈನನ್ನೇ ಕಡಿಯುವ ಎಂಸಿಬಿ ಇಳಿಸಿ. ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ದಾರಿಗೆ ಹಾಕಿರುತ್ತಾರೆ, ಸ್ವಿಚ್ ಆಫ್ ಇದ್ದರೂ ಫ್ಯಾನಿನ ತುದಿಯಲ್ಲಿ ಫೇಸ್ ಜೀವಂತ ಇರುತ್ತದೆ. ಟೆಸ್ಟರ್ ಹಚ್ಚಿ ನೋಡಿ. ಮೇಲಿನ ಕಪ್ ಸಡಿಲಿಸಿ ಕೆಳಗೆ ಸರಿಸಿದರೆ ಕನೆಕ್ಟರ್ ಮತ್ತು ಕೆಪ್ಯಾಸಿಟರ್ ಕಾಣುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೆಪ್ಯಾಸಿಟರ್‌ನ ಎರಡು ತುದಿಗಳನ್ನು ಪ್ಲಾಸ್ಟಿಕ್ ಹಿಡಿ ಇರುವ ಸ್ಕ್ರೂಡ್ರೈವರ್‌ನಿಂದ ಕೂಡಿಸಿ ಉಳಿದ ಚಾರ್ಜ್ ಇಳಿಸಿ, ಹಳೆಯದು ಇದ್ದ ಜಾಗಕ್ಕೇ ಹೊಸದನ್ನು ಕೊಡಿ. ಕೆಪ್ಯಾಸಿಟರ್‌ಗೆ ಪ್ಲಸ್ ಮೈನಸ್ ಇಲ್ಲ. ಆದರೆ ಮೋಟಾರಿನ ಎರಡು ಕಾಯಿಲ್‌ಗಳಿಂದ ಬರುವ ರನ್ನಿಂಗ್ ಮತ್ತು ಸ್ಟಾರ್ಟಿಂಗ್ ವಯರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ಗಾಳಿ ಮೇಲಕ್ಕೆ ಹೋಗುತ್ತದೆ. ಜೋರಾಗಿ ತಿರುಗಲಿ ಅಂತ 2.5ರ ಬದಲು 4 ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಸ್ಟಾರ್ಟಿಂಗ್ ವೈಂಡಿಂಗ್‌ನಲ್ಲಿ ಕರೆಂಟ್ ಏರಿ ಬಿಸಿಯಾಗಿ ಒಂದೆರಡು ಬೇಸಿಗೆಯಲ್ಲಿ ಇನ್ಸುಲೇಶನ್ ಸುಡುತ್ತದೆ, ಆಮೇಲೆ ರಿವೈಂಡಿಂಗ್ ಅಂಗಡಿಯ ದಾರಿ. ಹೊಸ ಕೆಪ್ಯಾಸಿಟರಿನ ಬೆಲೆ ಹೋಟೆಲಲ್ಲಿ ಇಬ್ಬರು ತಿಂಡಿ ತಿನ್ನುವಷ್ಟೂ ಇಲ್ಲ. ಕೆಪ್ಯಾಸಿಟರ್ ಚೆನ್ನಾಗಿದ್ದೂ ಫ್ಯಾನ್ ನಿಧಾನವಾಗಿದ್ದರೆ ಬೇರಿಂಗ್ ಬಿಗಿದಿರಬೇಕು. ಹೆಚ್ಚಿನ ಫ್ಯಾನುಗಳಲ್ಲಿ 6201 ಮತ್ತು 6202 ನಂಬರಿನವು ಇರುತ್ತವೆ, ಬೈಕ್ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ.

ಈಗ ಹೊಸದರ ಒಳಗೆ. ಬಿಎಲ್‌ಡಿಸಿಯ ಪ್ರಾಣ ಇರುವುದು ಒಂದು ಬೋರ್ಡಿನಲ್ಲಿ. ಮನೆಗೆ ಬರುವ 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡಬೇಕು. ಕೆಲವು ಕಂಪನಿಗಳು ಅದನ್ನು 24 ವೋಲ್ಟಿಗೆ ಇಳಿಸುತ್ತವೆ, ಕೆಲವು ಸುಮಾರು 325 ವೋಲ್ಟ್ ಡಿಸಿಯಲ್ಲೇ ನೇರ ಓಡಿಸುತ್ತವೆ. ಆಮೇಲೆ ಒಂದು ಎಲೆಕ್ಟ್ರಾನಿಕ್ ಚಿಪ್, ಆಯಸ್ಕಾಂತ ಎಲ್ಲಿದೆ ಅಂತ ಗಮನಿಸುತ್ತ ಮೂರು ಕಾಯಿಲ್‌ಗಳಿಗೆ ಸರದಿಯಂತೆ ಕರೆಂಟ್ ಕೊಡುತ್ತದೆ. ಆನ್ ಮಾಡಿದ ಕೂಡಲೇ ಫ್ಯಾನ್ ಒಂದು ಗೇಣು ಹಿಂದಕ್ಕೆ ಹೋಗಿ, ತಡೆದು, ಆಮೇಲೆ ಮುಂದಕ್ಕೆ ಹೊರಡುತ್ತದಲ್ಲ, ಅದು ದೋಷ ಅಲ್ಲ. ನಿಂತಿರುವ ಆಯಸ್ಕಾಂತ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ, ಒಂದು ಕಡೆಗೆ ಎಳೆದು ಜಾಗ ಖಾತ್ರಿ ಮಾಡಿಕೊಂಡು ಹೊರಡುತ್ತದೆ.

ಈ ವ್ಯವಸ್ಥೆಯ ದೊಡ್ಡ ಲಾಭದ ಬಗ್ಗೆ ಅಂಗಡಿಯವರು ಬಾಯಿಬಿಡುವುದೇ ಇಲ್ಲ. ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಬೀಳುವುದು ಹೊಸ ಸಂಗತಿಯಲ್ಲ. ಇಂಡಕ್ಷನ್ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, 170 ವೋಲ್ಟಿಗೆ ಉಳಿಯುವುದು 55 ಪರ್ಸೆಂಟ್ ಮಾತ್ರ. ಅದಕ್ಕೇ ಹಳೆಯ ಫ್ಯಾನ್ ಸಂಜೆ ಹೊತ್ತು ಲೆಕ್ಕಕ್ಕುಂಟು ಆಟಕ್ಕಿಲ್ಲ. ಬಿಎಲ್‌ಡಿಸಿಯ ಬೋರ್ಡು ವೋಲ್ಟೇಜ್ ಇಳಿದರೆ ಕರೆಂಟ್ ಹೆಚ್ಚು ಎಳೆದು ಸರಿದೂಗಿಸುತ್ತದೆ, ವೇಗ ಕದಲುವುದಿಲ್ಲ. ಲೋ ವೋಲ್ಟೇಜ್ ಊರಿನವರು ಈ ಒಂದು ಕಾರಣಕ್ಕೇ ತಗೊಳ್ಳಬಹುದು.

ದುಡ್ಡಿನ ಲೆಕ್ಕ ನೋಡೋಣ. ಉಳಿತಾಯ 45 ವ್ಯಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 12 ಗಂಟೆ ಓಡುವ ಮಲಗುವ ಕೋಣೆಯ ಫ್ಯಾನಿಗೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 96 ರೂಪಾಯಿ. ವರ್ಷದಲ್ಲಿ ಎಂಟು ತಿಂಗಳು ಬಳಸಿದರೂ ಸಾಮಾನ್ಯ ಫ್ಯಾನಿಗಿಂತ ಹೊಸದಕ್ಕೆ ಕೊಟ್ಟ ಹೆಚ್ಚುವರಿ ದುಡ್ಡು ಎರಡು ವರ್ಷದ ಆಸುಪಾಸಿನಲ್ಲಿ ವಾಪಸ್. ಅದೇ ದೇವರ ಕೋಣೆಯದ್ದು, ದಿನಕ್ಕೆ ಒಂದು ಗಂಟೆ ಓಡುವಂಥದ್ದು: ತಿಂಗಳಿಗೆ ಒಂದೂವರೆ ಯೂನಿಟ್ಟೂ ಉಳಿಯಲ್ಲ, ಎಂಟು ರೂಪಾಯಿ. ಅದನ್ನು ಬದಲಿಸಿ ಸಾಧಿಸುವುದೇನೂ ಇಲ್ಲ. ನೆಂಟರ ಕೋಣೆ, ಸ್ಟೋರ್ ರೂಮಿನ ಲೆಕ್ಕವೂ ಇಷ್ಟೇ.

"ಗೃಹಜ್ಯೋತಿ ಇದೆಯಲ್ಲ, ಉಳಿಸಿದರೆ ನಮಗೇನು ಬಂತು?" ಅನ್ನುವವರಿದ್ದಾರೆ. 2023ರ ಆಗಸ್ಟ್‌ನಿಂದ ಬಿಲ್ ಸೊನ್ನೆ ಬರುವ ಮನೆಗೆ ಫ್ಯಾನ್ ಬದಲಿಸಿ ಕೈಗೆ ಸಿಗುವುದು ಏನೂ ಇಲ್ಲ, ಒಪ್ಪಿದೆ. ಆದರೆ ಅದು ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಮಿತಿ ಕಟ್ಟಿದ್ದಾರೆ, ಅದರ ಮೇಲಿನದಕ್ಕೆ ದುಡ್ಡು ಕೊಡಬೇಕು, ಒಟ್ಟು 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಏಪ್ರಿಲ್ ಮೇ ತಿಂಗಳಲ್ಲಿ 190, 210 ಅಂತ ಗೆರೆಯ ಮೇಲೆ ಆಡುವ ಮನೆಗಳಿಗೆ ಎರಡು ಫ್ಯಾನಿನ 32 ಯೂನಿಟ್ ಎಂದರೆ ಸಾವಿರಕ್ಕೂ ಮೇಲ್ಪಟ್ಟ ಬಿಲ್ಲು ಬರುವುದೋ ತಪ್ಪುವುದೋ ಅನ್ನುವ ಪ್ರಶ್ನೆ. ಹಿಂದಿನ ಬೇಸಿಗೆಯ ಬಿಲ್ಲಿನಲ್ಲಿರುವ ಯೂನಿಟ್ ನೋಡಿಯೇ ತೀರ್ಮಾನಿಸಿ.

ಇನ್ವರ್ಟರ್ ಇದ್ದವರಿಗಂತೂ ಯೋಚನೆಯೇ ಬೇಡ. 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿಯಿಂದ, ಪೂರ್ತಿ ಹಿಂಡದೆ, ಇನ್ವರ್ಟರಿನ ನಷ್ಟ ಕಳೆದು ಸುಮಾರು 1000 ವ್ಯಾಟ್-ಅವರ್ ಸಿಗುತ್ತದೆ. ಮೂರು ಹಳೆಯ ಫ್ಯಾನು 225 ವ್ಯಾಟ್, ನಾಲ್ಕೂವರೆ ಗಂಟೆಯೊಳಗೆ ಮುಗಿಯಿತು. ಮೂರು ಹೊಸವು 90 ವ್ಯಾಟ್, ಹತ್ತು ಗಂಟೆಗೂ ಮೀರಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹಳೆಯ ಫ್ಯಾನ್ ಮಾಡುವ ಝೇಂಕಾರವೂ ಇದರಲ್ಲಿ ಇಲ್ಲ.

ಇಷ್ಟೆಲ್ಲ ಗುಣವಿದ್ದೂ ಎಲ್ಲವನ್ನೂ ಬದಲಿಸಬೇಡಿ ಅನ್ನುವುದಕ್ಕೆ ಲೆಕ್ಕದ ಜೊತೆ ಇನ್ನೊಂದು ಕಾರಣ ಆ ಬೋರ್ಡು. ಅದು ಸಾಯುವ ರೀತಿಗಳು ನಮ್ಮ ಊರುಗಳಲ್ಲಿ ಹೇರಳ. ಮೊದಲನೆಯದು ನ್ಯೂಟ್ರಲ್ ಕಡಿಯುವುದು. ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ವಯರ್ ಬಿಟ್ಟುಕೊಂಡರೆ ಬೇರೆ ಬೇರೆ ಫೇಸಿನ ಮನೆಗಳು ಸರಣಿಯಲ್ಲಿ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚಿನ ವೋಲ್ಟೇಜ್. 300 ವೋಲ್ಟ್ ಎಸಿ ಬಂದರೂ ಸಾಕು, ಡಿಸಿ ಮಾಡಿದ ಮೇಲೆ 424 ವೋಲ್ಟ್ ಆಗುತ್ತದೆ, ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದು. ಅದು ಉಬ್ಬುತ್ತದೆ, ಇಲ್ಲವೇ ಹೆಚ್ಚಿನ ವೋಲ್ಟೇಜ್ ತಡೆಯಲು ಇಟ್ಟ ಎಂಒವಿ ಅನ್ನುವ ಬಿಡಿಭಾಗ ಮೊದಲೇ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ. ಹಳೆಯ ಫ್ಯಾನು ಅಂಥ ಹತ್ತು ನಿಮಿಷವನ್ನು ಜೋರಾಗಿ ಗುಂಯ್‌ಗುಟ್ಟುತ್ತ ಹೇಗೋ ಕಳೆದುಬಿಡುತ್ತದೆ. ಎರಡನೆಯದು ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು. ಮೂರನೆಯದು ಶಾಖ. ಬಿಸಿಲು ಕಾದ ಆರ್‌ಸಿಸಿ ತಾರಸಿಯ ಕೆಳಗೆ ಮುಚ್ಚಿದ ಕಪ್ಪಿನೊಳಗೆ ಕೂತ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಆಯಸ್ಸು ಪ್ರತಿ ಹತ್ತು ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಇರುವೆ, ಹಲ್ಲಿ ಬೆಚ್ಚಗಿನ ಜಾಗ ಅಂತ ಒಳಗೆ ಹೊಕ್ಕು ಶಾರ್ಟ್ ಮಾಡುವುದು ಬೇರೆ.

ಸಿಡಿಲಿನ ಏರಿಳಿತಕ್ಕೆ ಎಂಸಿಬಿಗಳಿರುವ ಡಿಬಿ ಬಾಕ್ಸಿನಲ್ಲಿ ಎಸ್‌ಪಿಡಿ, ಅಂದರೆ ದಿಢೀರ್ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ, ಹಾಕಿಸಿ, ಆದರೆ ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಅಲಂಕಾರಕ್ಕೆ ಮಾತ್ರ. ನ್ಯೂಟ್ರಲ್ ಕಡಿದರೆ ಎಸ್‌ಪಿಡಿ ಕಾಪಾಡುವುದಿಲ್ಲ, ಅದಕ್ಕೆ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಬೇಕು. ವೋಲ್ಟೇಜ್ 270ರ ಆಸುಪಾಸು ದಾಟಿದ ಕೂಡಲೇ ಅದು ಲೈನ್ ಕಡಿಯುತ್ತದೆ, ಸರಿಹೋದ ಮೇಲೆ ಸ್ವಲ್ಪ ಕಾದು ತಾನೇ ಕೊಡುತ್ತದೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆಯ ಕೆಲಸ, ಫ್ರಿಜ್ಜು ಟಿವಿಗಳಿಗೂ ಕಾವಲು.

ಇನ್ನೊಂದು ತಪ್ಪು ಫ್ಯಾನ್ ಹಾಕುವ ದಿನವೇ ಆಗುತ್ತದೆ. ಹಳೆಯ ರೆಗ್ಯುಲೇಟರನ್ನು ಹಾಗೇ ಬಿಟ್ಟು ಬಿಎಲ್‌ಡಿಸಿ ಕೂರಿಸುತ್ತಾರೆ. ಕಡಿಮೆ ಸ್ಪೀಡಿನಲ್ಲಿ ಇಟ್ಟರೆ ಬೋರ್ಡಿಗೆ ಸಾಕಷ್ಟು ಕರೆಂಟ್ ಸಿಗದೆ ಹೊತ್ತಿ ಆರಿ ಹೊತ್ತಿ ಆರಿ ಬೇಗ ಸಾಯುತ್ತದೆ. ರೆಗ್ಯುಲೇಟರಿನ ಎರಡು ವಯರ್ ಕೂಡಿಸಿ ಅದನ್ನು ದಾರಿಯಿಂದ ತೆಗೆಯಿಸಿ. ರಿಮೋಟ್ ಬೇಡ ಅನ್ನುವ ಹಿರಿಯರಿರುವ ಮನೆಗೆ ಗೋಡೆಯ ರೆಗ್ಯುಲೇಟರಿಗೇ ಹೊಂದುವ ಮಾದರಿಗಳೂ ಈಗ ಬಂದಿವೆ, ಅವನ್ನೇ ಕೇಳಿ. ಮತ್ತೆ, ಯಾವ ಫ್ಯಾನೇ ಆಗಲಿ, ಮೇಲಿನ ಕೊಕ್ಕೆಯ ರಬ್ಬರ್ ಬುಷ್ ಸವೆದಿಲ್ಲವೇ, ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಿ ಕಾಲು ಅಗಲಿಸಿದ್ದಾರೆಯೇ ಅಂತ ನೀವೇ ಕಣ್ಣಾರೆ ನೋಡಿ. ಆ ಪಿನ್ ಪ್ಯಾಕೆಟ್ಟಿನಲ್ಲೇ ಉಳಿದ ಫ್ಯಾನುಗಳು ಎಷ್ಟೋ ತಲೆಗಳ ಮೇಲೆ ತಿರುಗುತ್ತಿವೆ.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಗಾಳಿ ಕಡಿಮೆ ಮಾಡಿ ವ್ಯಾಟ್ ಇಳಿಸುವುದು ಯಾರಿಗೂ ಕಷ್ಟವಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ, ಆ ಲೇಬಲಿನಲ್ಲಿ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅಂತಲೂ ಇರುತ್ತದೆ. 48 ಇಂಚಿನದಕ್ಕೆ 210ಕ್ಕಿಂತ ಕಡಿಮೆ ಇದ್ದರೆ ಕೈಬಿಡಿ. ಗಾಳಿಯನ್ನು ವ್ಯಾಟಿನಿಂದ ಭಾಗಿಸಿ: 220ನ್ನು 30ರಿಂದ ಭಾಗಿಸಿದರೆ 7.3, ಹಳೆಯ 75 ವ್ಯಾಟಿನದಕ್ಕೆ 2.9. ಈ ಅಂಕಿ ಎರಡು ಮಾದರಿಗಳ ಜಗಳವನ್ನು ಅಂಗಡಿಯಲ್ಲೇ ಬಗೆಹರಿಸುತ್ತದೆ.

ನನ್ನ ಸಿಟ್ಟು ಇರುವುದು ಬೋರ್ಡಿನ ವ್ಯಾಪಾರದ ಮೇಲೆ. ಹಳೆಯ ಫ್ಯಾನಿನ ಕೆಪ್ಯಾಸಿಟರ್ ಯಾವ ಕಂಪನಿಯದಾದರೂ ನಡೆಯುತ್ತಿತ್ತು. ಹೊಸದರ ಬೋರ್ಡು ಎಷ್ಟೋ ಸಲ ಅದೇ ಕಂಪನಿಯ ಬೇರೆ ಮಾದರಿಗೂ ಹೊಂದುವುದಿಲ್ಲ, ಕೆಲವರಂತೂ ರಾಳ ಸುರಿದು ಗಟ್ಟಿಮಾಡಿ ಬೀದಿ ಮೆಕ್ಯಾನಿಕ್ ಮುಟ್ಟದ ಹಾಗೆ ಮಾಡಿಟ್ಟಿದ್ದಾರೆ. ಹದಿನೈದು ವರ್ಷ ಬಾಳುವ ಮೋಟಾರು ಬೋರ್ಡ್ ಸಿಗದ ಕಾರಣಕ್ಕೆ ಐದನೇ ವರ್ಷಕ್ಕೆ ಗುಜರಿಗೆ ಹೋದರೆ ಉಳಿಸಿದ ಕರೆಂಟಿನ ಲೆಕ್ಕ ಅಲ್ಲೇ ಮುಗಿಯಿತು. ಹಾಗಾಗಿ ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ವಾರಂಟಿ ಬೋರ್ಡಿಗೂ ಇದೆಯೋ, ಮೋಟಾರಿಗೆ ಮಾತ್ರವೋ? ವಾರಂಟಿ ಮುಗಿದ ಮೇಲೆ ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು? ನಮ್ಮ ತಾಲೂಕಿಗೆ ಸರ್ವಿಸ್‌ನವರು ಬರುತ್ತಾರೆಯೇ, ಅಥವಾ ಫ್ಯಾನ್ ಬಿಚ್ಚಿ ಜಿಲ್ಲಾ ಕೇಂದ್ರಕ್ಕೆ ಹೊತ್ತುಕೊಂಡು ಹೋಗಬೇಕೇ? ಉತ್ತರ ತಡವರಿಸಿದರೆ ಪಕ್ಕದ ಕಂಪನಿಯದು ನೋಡಿ. ಬೋರ್ಡಿನ ವಾರಂಟಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು ಬನ್ನಿ.