ಶೇ 80ರ ಲೆಕ್ಕ ಮತ್ತು ಒಂದು ದಿನದ ತರಬೇತಿ: ಸ್ಪಷ್ಟನೆ

‘ಯಶಸ್ಸಿಗೆ ಶೇ 80ರಷ್ಟು ಕಾರಣ ಭಾವನಾತ್ಮಕ ಬುದ್ಧಿವಂತಿಕೆ, ಐಕ್ಯೂ ಬರೀ ಶೇ 20. ಒಂದು ದಿನದ ಕಾರ್ಯಾಗಾರದಲ್ಲಿ ಕಲಿಯಿರಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. (ಭಾವನಾತ್ಮಕ ಬುದ್ಧಿವಂತಿಕೆ ಎಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಿಭಾಯಿಸುವ ಕೌಶಲ; ಐಕ್ಯೂ ಎಂದರೆ ಬುದ್ಧಿಮತ್ತೆ ಪರೀಕ್ಷೆಯ ಅಂಕ.) ಎರಡೂ ಮಾತು ಸರಿಯಲ್ಲ.

ಭಾವನಾತ್ಮಕ ಬುದ್ಧಿವಂತಿಕೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಲೇಖಕ, ಮನಶ್ಶಾಸ್ತ್ರಜ್ಞ ಡೇನಿಯಲ್ ಗೋಲ್‌ಮನ್ 1995ರ ತಮ್ಮ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಐಕ್ಯೂ ಪಾಲು ಹೆಚ್ಚೆಂದರೆ ಶೇ 20, ಉಳಿದದ್ದು ಇತರ ಕಾರಣಗಳದ್ದು. ಆ ‘ಇತರ’ದಲ್ಲಿ ಹುಟ್ಟಿದ ವರ್ಗ, ಅದೃಷ್ಟವೂ ಸೇರಿವೆ. ಅಷ್ಟನ್ನೂ ಒಂದೇ ಖಾತೆಗೆ ಜಮೆ ಮಾಡಿದವರು ಓದುಗರು. ಇದು ತಪ್ಪು ಓದು ಎಂದು ಗೋಲ್‌ಮನ್ ಅವರೇ ಮುಂದೆ ಹೇಳಿದ್ದಾರೆ.

ಇನ್ನು ತರಬೇತಿ. ಕಾರ್ಯಾಗಾರದ ಕೊನೆಗೆ ತುಂಬಿಸಿಕೊಳ್ಳುವ ಫಾರಂ ಅಳೆಯುವುದು ಕೌಶಲವನ್ನಲ್ಲ, ಆ ದಿನ ಇಷ್ಟವಾಯಿತೇ ಎಂಬುದನ್ನು. (ಊಟ ಚೆನ್ನಾಗಿದ್ದರೆ ಅಂಕವೂ ಚೆನ್ನಾಗಿರುತ್ತದೆ.) ಕೌಶಲ ಉಳಿಯಬೇಕಾದರೆ ವಾರಕ್ಕೆ ಅರ್ಧ ಗಂಟೆ, ಒಂದು ಸಲಕ್ಕೆ ಒಂದೇ ಅಭ್ಯಾಸ: ಸಿಟ್ಟಾದ ಗ್ರಾಹಕರ ದೂರನ್ನು ಮೊದಲು ಅವರದೇ ಮಾತಿನಲ್ಲಿ ಮರಳಿ ಹೇಳುವುದು, ಆಮೇಲೆ ಪರಿಹಾರ. ಜೋಡಿಯಾಗಿ ಆಡಿ ನೋಡಬೇಕು, ಮೂರನೆಯವರು ಗಮನಿಸಿ ಹೇಳಬೇಕು.

ಇದಿಷ್ಟನ್ನೂ ಮ್ಯಾನೇಜರ್ ಒಂದೇ ಮೀಟಿಂಗಿನಲ್ಲಿ ಕೆಡಿಸಬಹುದು. ತಪ್ಪು ಒಪ್ಪಿಕೊಂಡವರ ಮೇಲೆ ಎಲ್ಲರೆದುರು ರೇಗಿದರೆ, ಮುಂದಿನ ತಪ್ಪು ಮೇಜಿಗೇ ಬರುವುದಿಲ್ಲ. ‘ಯಾವಾಗಲೂ ನಗುತ್ತಿರಿ’ ಎಂಬ ನಿಯಮವೂ ಹಾಗೆಯೇ. ಒಳಗೊಂದು ಹೊರಗೊಂದು ತೋರಿಸುವ ಈ ದುಡಿಮೆಯ ಬೆಲೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ವಿಮಾನದ ಗಗನಸಖಿಯರ ಉದಾಹರಣೆಯಿಂದ ವಿವರಿಸಿದ್ದರು. ಆದ್ದರಿಂದ ತರಬೇತಿ ಮ್ಯಾನೇಜರುಗಳಿಂದಲೇ ಶುರುವಾಗಲಿ. ಮೀಟಿಂಗಿನಲ್ಲಿ ಅವರು ಕೊನೆಗೆ ಮಾತಾಡಲಿ.