ಜಿಪಿಎಲ್ ಮನೆಯ ದಾಯಾದಿ ಜಗಳ

ದಾವಣಗೆರೆಯಲ್ಲಿ ಮನೆ ಪ್ಲಾನ್ ಹಾಕಿಕೊಡುವ ಕೆಲವು ಕಡೆ ಇನ್ನೂ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಕದ್ದು ಹಾಕಿಕೊಂಡ ಆಟೋಕ್ಯಾಡ್ ಅನ್ನೋ ನಕ್ಷೆ ಬರೆಯುವ ಸಾಫ್ಟ್‌ವೇರ್ ಓಡುತ್ತಿದೆ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ದುಡ್ಡು. ಅದು ಅರ್ಧ ನಿಜ. ಉಳಿದರ್ಧಕ್ಕೆ ಕೋಡನ್ನು ಎಲ್ಲರಿಗೂ ತೆರೆದಿಡುವ ನಮ್ಮ ಓಪನ್ ಸೋರ್ಸ್‌ನವರ ಲೈಸೆನ್ಸ್ ಜಗಳವೂ ಕಾರಣ. ಹೀಗಂದರೆ ನನ್ನ ಕೆಲವು ಗೆಳೆಯರಿಗೆ ಸಿಟ್ಟು ಬರುತ್ತದೆ. ಬರಲಿ.

ಈ ಲೈನಿನಲ್ಲಿ ಎಲ್ಲರೂ ಕಳಿಸೋದು, ಕೇಳೋದು ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಫೈಲು. ಅದರ ಒಳಗಿನ ರಚನೆಯನ್ನು ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಬಿಟ್ಟುಕೊಟ್ಟಿಲ್ಲ. ವಿದ್ಯಾನಗರದಲ್ಲಿ ಡ್ರಾಫ್ಟಿಂಗ್ ಮಾಡುವ ಪರಿಚಯದ ಹುಡುಗನಿಗೆ ಒಮ್ಮೆ ಲಿಬ್ರೆಕ್ಯಾಡ್ ಅನ್ನೋ ಓಪನ್ ಸೋರ್ಸ್ ನಕ್ಷೆ ಸಾಫ್ಟ್‌ವೇರ್ ಹಾಕಿಕೊಟ್ಟೆ. ಮೂವತ್ತು ನಲವತ್ತರ ಸೈಟಿನ ಪ್ಲಾನ್ ತೆರೆದ. ಗೋಡೆ ಬಂತು, ಬಾಗಿಲು ಬಂತು. ಅಳತೆಗಳು ಚೆಲ್ಲಾಪಿಲ್ಲಿ, ಮೆಟ್ಟಿಲಿನ ಬ್ಲಾಕ್ ನಾಪತ್ತೆ. "ಅಣ್ಣಾ, ಫ್ರೀ ಏನೋ ಸರಿ, ಮೆಟ್ಟಿಲೇ ಇಲ್ವಲ್ಲ, ಮೇಲೆ ಹತ್ತೋದು ಹೆಂಗೆ?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ಆದರೆ ಡಿಡಬ್ಲ್ಯುಜಿ ಓದುವ ಕೋಡ್ ನಮ್ಮವರ ಹತ್ರ ಇರಲೇ ಇಲ್ಲ ಅಂತಲ್ಲ. ಗ್ನೂ ಅನ್ನೋ ಮುಕ್ತ ಸಾಫ್ಟ್‌ವೇರ್ ಯೋಜನೆಯಡಿ ಲಿಬ್ರೆಡಿಡಬ್ಲ್ಯುಜಿ ಅನ್ನೋ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್, ತಯಾರಾಗುತ್ತಿತ್ತು. ಲಿಬ್ರೆಕ್ಯಾಡ್, ಅಂಥದ್ದೇ ಇನ್ನೊಂದಾದ ಫ್ರೀಕ್ಯಾಡ್, ಎರಡೂ ತಂಡಗಳಿಗೆ ಅದು ಬೇಕಿತ್ತು. ಸೇರಿಸಿಕೊಳ್ಳೋಕೆ ಆಗಲಿಲ್ಲ. ಲಿಬ್ರೆಡಿಡಬ್ಲ್ಯುಜಿಗೆ ಇದ್ದದ್ದು ಜಿಪಿಎಲ್ 3. ಜಿಪಿಎಲ್ ಅಂದರೆ ಕೋಡನ್ನು ಯಾರು ಬೇಕಾದರೂ ಬಳಸಿ, ಆದರೆ ಬದಲಿಸಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಿ ಅನ್ನೋ ಲೈಸೆನ್ಸ್. ಲಿಬ್ರೆಕ್ಯಾಡ್ ಹುಟ್ಟಿದ್ದು ಕ್ಯೂಕ್ಯಾಡ್ ಅನ್ನೋ ಇನ್ನೊಂದು ನಕ್ಷೆ ಸಾಫ್ಟ್‌ವೇರಿನ ಹಳೆಯ ಕೋಡ್‌ನಿಂದ, ಅದು ಜಿಪಿಎಲ್ 2. ಫ್ರೀಕ್ಯಾಡ್‌ಗೆ ಅದು ಬಳಸುತ್ತಿದ್ದ ಬೇರೆ ಲೈಬ್ರರಿಗಳ ಲೈಸೆನ್ಸ್ ತೊಡಕು.

ಎರಡೂ ಜಿಪಿಎಲ್ ತಾನೇ, ಏನು ಕಷ್ಟ ಅನ್ನಿಸುತ್ತೆ ಅಲ್ವಾ? 1991ರ ಎರಡನೇ ಆವೃತ್ತಿ ಹೇಳುತ್ತೆ: ಈ ಕೋಡನ್ನು ಮುಂದಕ್ಕೆ ಹಂಚುವಾಗ ಇಲ್ಲಿರುವುದಕ್ಕಿಂತ ಜಾಸ್ತಿ ಷರತ್ತು ಹಾಕುವಂತಿಲ್ಲ. 2007ರ ಮೂರನೆಯದು ಪೇಟೆಂಟ್ ವಿಚಾರಕ್ಕೆ, ಸಾಧನಗಳಿಗೆ ಬೀಗ ಹಾಕುವ ವಿಚಾರಕ್ಕೆ ಹೊಸ ಷರತ್ತು ತಂದಿತು. ಅದೂ ಇಡೀ ಪ್ರೋಗ್ರಾಂ ತನ್ನಡಿಯೇ ಇರಬೇಕು ಅನ್ನುತ್ತೆ. ಎರಡನ್ನೂ ಒಂದೇ ಪ್ರೋಗ್ರಾಂನಲ್ಲಿ ಬೆಸೆದು ಹಂಚಿದರೆ ಯಾವುದಾದರೂ ಒಂದನ್ನು ಮುರಿದಂತೆಯೇ. ಹಳೆಯ ಕೋಡಿನವರು "ಎರಡನೇ ಆವೃತ್ತಿ ಅಥವಾ ಮುಂದಿನದು" ಅಂತ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಬರೆದಿರಲಿಲ್ಲ. ಆ ಕೋಡಿನ ಹಕ್ಕುದಾರರು ಒಪ್ಪದೆ ಲಿಬ್ರೆಕ್ಯಾಡ್‌ನವರು ಅದನ್ನು ಬದಲಿಸುವಂತಿಲ್ಲ.

ಉಳಿದಿದ್ದು ಒಂದೇ ದಾರಿ. ಲೈಬ್ರರಿಯ ಹಕ್ಕು ಜಿಪಿಎಲ್ ಬರೆದ ಸಂಸ್ಥೆ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಕೈಯಲ್ಲಿತ್ತು. ಜಿಪಿಎಲ್ 2ರವರೂ ಬಳಸುವಂತೆ ಅದು ಬಿಟ್ಟುಕೊಡಬಹುದಿತ್ತು. ಬಿಡಲಿಲ್ಲ. 2012ರ ಹೊತ್ತಿಗೆ ಇದು ದೊಡ್ಡ ಚರ್ಚೆಯಾಗಿತ್ತು. ಡಿಡಬ್ಲ್ಯುಜಿ ಓದುವ ಮುಕ್ತ ಲೈಬ್ರರಿ ಬೇಕೇ ಬೇಕು ಅಂತ ಆದ್ಯತೆಯ ಪಟ್ಟಿಯಲ್ಲಿ ಹಾಕಿಕೊಂಡಿದ್ದೂ ಇದೇ ಸಂಸ್ಥೆ ಅನ್ನೋದು ತಮಾಷೆ.

ನಾನು ಜಿಪಿಎಲ್ ಪಕ್ಷದವನೇ. ಕೋಡ್ ತಗೊಂಡವನು ವಾಪಸ್ ಕೊಡಲಿ ಅನ್ನೋದು ನ್ಯಾಯ. ಹೊಸ ಆವೃತ್ತಿಗೆ ಎಲ್ಲರನ್ನೂ ಎಳೆದು ತರಬೇಕು ಅನ್ನೋ ಫೌಂಡೇಷನ್‌ನವರ ಲೆಕ್ಕವೂ ಅರ್ಥವಾಗುತ್ತೆ. ಆದರೆ ಇಲ್ಲಿ ಕೇಳಲು ಬಂದವರು ಕೋಡ್ ಬಚ್ಚಿಡುವ ಕಂಪನಿಯವರಲ್ಲ, ಒಡಹುಟ್ಟಿದವರು. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಗೆದ್ದವರು ಯಾರು? ಆಟೋಡೆಸ್ಕ್‌ಗೆ ಒಂದು ಕೂದಲೂ ಕೊಂಕಲಿಲ್ಲ. ಲಿಬ್ರೆಕ್ಯಾಡ್‌ನವರು ಪಾಪ, ಕದ್ದುಮುಚ್ಚಿ ಸೇರಿಸಿಕೊಳ್ಳದೆ ಲಿಬ್‌ಡಿಎಕ್ಸ್‌ಎಫ್‌ಆರ್‌ಡಬ್ಲ್ಯು ಅನ್ನೋ ಸ್ವಂತ ಲೈಬ್ರರಿ ಬರೆದುಕೊಂಡರು. ಒಂದೇ ಕೆಲಸ ಎರಡು ಸಲ, ಅದೂ ಸಂಬಳವಿಲ್ಲದೆ. ನಮ್ಮ ಹುಡುಗನ ಮೆಟ್ಟಿಲು ಮಾಯವಾಗಿದ್ದು ಇಂಥ ಕಡೆಯೇ.

ಜಿಪಿಎಲ್ ಆಚೆಗೂ ಇದೇ ಕತೆ. ಸನ್ ಕಂಪನಿಯ ಝಡ್‌ಎಫ್‌ಎಸ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಸಾಫ್ಟ್‌ವೇರ್, ಸಿಡಿಡಿಎಲ್ ಅನ್ನೋ ಬೇರೆ ಲೈಸೆನ್ಸಿನದು; ಲಿನಕ್ಸ್‌ನ ತಿರುಳಾದ ಕರ್ನಲ್ ಜಿಪಿಎಲ್ 2. 2016ರಲ್ಲಿ ಉಬುಂಟು ಅನ್ನೋ ಲಿನಕ್ಸ್ ಸಿಸ್ಟಮ್ ಎರಡನ್ನೂ ಒಟ್ಟಿಗೆ ಕೊಟ್ಟಾಗ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ ಇದು ಉಲ್ಲಂಘನೆ ಎಂದಿತು. ಉಬುಂಟುವಿನ ಕಂಪನಿ ಅಲ್ಲ ಎಂದಿತು. ಸನ್ ಕಂಪನಿಯನ್ನು ಕೊಂಡ ಒರಾಕಲ್‌ನಿಂದ ಅಧಿಕೃತ ಪತ್ರ ಬರದೆ ಝಡ್‌ಎಫ್‌ಎಸ್ ಅನ್ನು ಸೇರಿಸಿಕೊಳ್ಳಲ್ಲ ಅಂತ ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ 2020ರಲ್ಲೂ ಹೇಳಿದರು. ಅಂಥ ದೊಡ್ಡವರಿಗೆ ವಕೀಲರಿದ್ದಾರೆ, ಬಿಡಿ.

ನಮ್ಮೂರಿನ ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿ ಹುಡುಗರು ಪ್ರಾಜೆಕ್ಟನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣಕ್ಕೆ ಹಾಕುವಾಗ ಲೈಸೆನ್ಸ್ ಫೈಲನ್ನೇ ಹಾಕಲ್ಲ. ಹಾಕದಿದ್ದರೆ ಎಲ್ಲರದ್ದೂ ಅಂತಲ್ಲ, ಯಾರೂ ಮುಟ್ಟುವಂತಿಲ್ಲ ಅಂತ. ಜಿಪಿಎಲ್ ಹಾಕುವುದಾದರೆ "ಅಥವಾ ಮುಂದಿನ ಆವೃತ್ತಿ" ಅನ್ನೋದನ್ನೂ ಸೇರಿಸಿ, ನಾನು ನೋಡೋದು ಅದೊಂದನ್ನೇ.

ಫ್ರೀಕ್ಯಾಡ್ ಈಗ ಡಿಡಬ್ಲ್ಯುಜಿಯನ್ನು ಹೊರಗಿನ ಪರಿವರ್ತಕಕ್ಕೆ ಕೊಟ್ಟು, ತನಗೆ ಓದಲು ಬರುವ ಡಿಎಕ್ಸ್‌ಎಫ್ ಅನ್ನೋ ಫೈಲು ಮಾಡಿಸಿಕೊಳ್ಳುತ್ತೆ. ಬೇರೆ ಬೇರೆ ಪ್ರೋಗ್ರಾಂಗಳಾಗಿ ಓಡುವುದರಿಂದ ಲೈಸೆನ್ಸ್ ಅಡ್ಡ ಬರಲ್ಲ. ಅಲ್ಲಿ ಲಿಬ್ರೆಡಿಡಬ್ಲ್ಯುಜಿಯನ್ನೂ ಬಳಸಬಹುದು. ಸುತ್ತುದಾರಿ, ಆದರೂ ನಡೆಯುತ್ತೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕನ್ನಡ ಹೆಸರುಗಳು ಮಾತ್ರ ಅಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪಿ.ಜೆ. ಬಡಾವಣೆ, ಎಂಸಿಸಿ ಕಡೆ ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ, ಆ ಹುಡುಗನಿಗೆ ಹೇಳ್ತೀನಿ.